ನೆಡುಂಕೋಟೆಯ ಮಾಷ್

1789ರ ಡಿಸೆಂಬರ್ 28ರ ರಾತ್ರಿ ಚಂದ್ರ ಎಷ್ಟು ಹೊತ್ತಿಗೆ ಮುಳುಗಿದ? ಫೋರ್ಟ್ ಕೊಚ್ಚಿಯ ಹಳೆಯ ಮನೆಯೊಂದರಲ್ಲಿ ನಾವು ಮೂವರು ಈ ಪ್ರಶ್ನೆಗಾಗಿ ಆಟ ನಿಲ್ಲಿಸಿ ವಾದಕ್ಕೆ ಇಳಿದಿದ್ದೆವು. ಹೊರಗೆ ಕೊಚ್ಚಿ ಕಾರ್ನಿವಲ್‌ನ ಗದ್ದಲ. ವರ್ಷದ ಕೊನೆಯ ರಾತ್ರಿ ಸುಡಲಿಕ್ಕೆಂದು ಪಪ್ಪಾಂಜಿಯ ದೈತ್ಯ ಬೊಂಬೆ ಎದ್ದು ನಿಲ್ಲುತ್ತಿತ್ತು. ಒಳಗೆ ನಡುಕೋಣೆಯ ಮೇಜಿನ ಮೇಲೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ತಿರುವಿದಾಂಕೂರಿನ ನೆಡುಂಕೋಟೆ, ಕೋಟೆಯ ಆಚೆ ಟಿಪ್ಪು ಸುಲ್ತಾನನ ಹದಿನಾಲ್ಕು ಸಾವಿರ ಕಾಲಾಳು. ಮೈಸೂರಿನ ಪಡೆ ನನ್ನದು, ಕೋಟೆ ಮಾಷ್ ಅವರದು.

“ಕಗ್ಗತ್ತಲು. ಐವತ್ತು ಗಜದಾಚೆ ಏನೂ ಕಾಣದು” ಎಂದು ಅಂಪೈರ್ ಗಟ್ಟಿಯಾಗಿ ಹೇಳಿದ್ದೇ ತಡ, ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಆಟ ಶುರುವಾದ ಮೇಲೆ ಆಡುವವರು ಮೇಜು ನೋಡಬಾರದು ಎಂಬ ನಿಯಮ. ಹಾಗಾಗಿ ಮಾಷ್ ನಮಗೆ ಬೆನ್ನು ಹಾಕಿಕೊಂಡೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊಸ್ತಿಲಿಗೆ ಬಂದರು. “ಯಾರು ಹೇಳಿದ್ದು ಕತ್ತಲು ಅಂತ? ಹುಣ್ಣಿಮೆಗೆ ಎರಡು ಮೂರು ದಿನ ಇರುವ ರಾತ್ರಿ ಅದು” ಎಂದರು.

ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಗೆ ಸರಾಸರಿ 29.53 ದಿನ. ಈಗಿನ ಪಂಚಾಂಗದಿಂದ ಹಿಂದಕ್ಕೆ ಎರಡು ಶತಮಾನದ ದಿನಗಳನ್ನು ಎಣಿಸುತ್ತ, 1800 ಮತ್ತು 1900 ಅಧಿಕ ವರ್ಷಗಳಲ್ಲ ಎಂಬುದನ್ನೂ ಬಿಡದೆ, ಅವರು ಮನೆಯಲ್ಲೇ ಲೆಕ್ಕ ಮುಗಿಸಿಕೊಂಡು ಬಂದಿದ್ದರು. ಶುಕ್ಲಪಕ್ಷ, ದ್ವಾದಶಿಯ ಆಸುಪಾಸು. ಚಂದ್ರ ಮುಳುಗುವುದು ಬೆಳಗಿನ ಜಾವ ಮೂರು ದಾಟಿದ ಮೇಲೆ. “ಬೆಳದಿಂಗಳಲ್ಲಿ ಹದಿನಾಲ್ಕು ಸಾವಿರ ಜನ ನಡೆದು ಬಂದರೆ ನನ್ನ ಕಾವಲಿನವನಿಗೆ ಕಣ್ಣು ಕಾಣುವುದಿಲ್ಲವೇ?”

ನಾನೂ ಬಿಡಲಿಲ್ಲ. ನಾನು ಹತ್ತಬೇಕಾದ ಜಾಗ ಕೋಟೆಯ ಪೂರ್ವದ ತುದಿ, ಬೆಟ್ಟದ ಬುಡ, ಕಾಡು. ಮರದಡಿ ಬೆಳದಿಂಗಳು ಇಳಿಯುವುದಿಲ್ಲ ಎಂದೆ. ಅಂಪೈರ್ ಕ್ಯಾಲ್ಕುಲೇಟರ್ ಹಿಡಿದು ಮಾಷ್ ಅವರ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡಿ, ಕೊನೆಗೆ ತೀರ್ಪು ಕೊಟ್ಟರು: ಮೂರೂವರೆಯವರೆಗೆ ಬಯಲಿನಲ್ಲಿ ಬೆಳಕು, ಮರದಡಿ ಕತ್ತಲು. ಮೂರೂವರೆಯಿಂದ ಆರರವರೆಗೆ ಎಲ್ಲೆಡೆ ಕತ್ತಲು. ಮಾಷ್ ಮುಖ ತಿರುಗಿಸದೆ ಹಾಗೆಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬ್ಯಾಂಕಿನ ಕೆಲಸದಲ್ಲಿ ಕಾಸರಗೋಡಿನಿಂದ ಎರ್ನಾಕುಳಂಗೆ ವರ್ಗವಾಗಿ ಹೋದ ಕಾಲ ಅದು. ನೌಕಾಪಡೆಯಿಂದ ನಿವೃತ್ತರಾದ ಕಮಾಂಡರ್ ಒಬ್ಬರು ಪಿಂಚಣಿಯ ಕಾಗದಪತ್ರಕ್ಕೆಂದು ನನ್ನ ಕೌಂಟರಿಗೆ ಬರುತ್ತಿದ್ದರು. ಒಮ್ಮೆ ಅವರ ಕೈಯಲ್ಲಿ ಎಚ್. ಜಿ. ವೆಲ್ಸ್ 1913ರಲ್ಲಿ ಬರೆದ ‘ಲಿಟಲ್ ವಾರ್ಸ್’ ಕಂಡಿತು. ತವರದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಹೊಡೆದು ಬೀಳಿಸುವ ಆಟದ ಪುಸ್ತಕ. ಮಾತಿಗೆ ಮಾತು ಬೆಳೆಯಿತು. ಅವರಿಗೆ ವೆಲ್ಸ್‌ಗಿಂತ ಇಷ್ಟವಾದದ್ದು ಪ್ರಷ್ಯಾದ ಸೈನ್ಯದ ಆಟ. ರೈಸ್‌ವಿಟ್ಜ್ ಎಂಬಾತ 1812ರಲ್ಲಿ ದೊರೆಗೆಂದು ಬೆಟ್ಟ, ಹೊಳೆ, ಊರುಗಳನ್ನೆಲ್ಲ ಮೇಜಿನ ಮೇಲೆ ಕಟ್ಟಿ ತೋರಿಸಿದ ಯುದ್ಧದಾಟವನ್ನು ಅವನ ಮಗ, ಫಿರಂಗಿದಳದ ಲೆಫ್ಟಿನೆಂಟ್, ನಕ್ಷೆಯ ಮೇಲಕ್ಕೆ ತಂದು 1824ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದ. ಕೆಂಪು, ನೀಲಿ ಕಾಯಿಗಳು, ದಾಳ, ಅಳತೆ. ಎಲ್ಲಕ್ಕಿಂತ ಮುಖ್ಯವಾಗಿ ನಡುವೆ ಒಬ್ಬ ಅಂಪೈರ್. ಪೂರ್ತಿ ಕಾಳಗ ಕಾಣುವುದು ಅವನೊಬ್ಬನಿಗೆ. ಆಡುವವರಿಗೆ ಅವರವರ ಪಡೆಯ ಕಣ್ಣಿಗೆ ಬಿದ್ದಷ್ಟೇ ಸುದ್ದಿ, ಅದೂ ತಡವಾಗಿ.

ಆ ಆಟ ಆಡೋಣ ಎಂದಾಗ ಯಾವ ಯುದ್ಧ ಎಂದು ನಾವು ಯೋಚಿಸಲೇ ಇಲ್ಲ. ಕೊಚ್ಚಿಯಿಂದ ತ್ರಿಶ್ಶೂರಿಗೆ ಹೋಗುವ ಹೆದ್ದಾರಿ ಕೊರಟ್ಟಿ, ಮುರಿಂಗೂರು, ಚಾಲಕ್ಕುಡಿಗಳ ನಡುವೆ ನೆಡುಂಕೋಟೆಯ ಜಾಡನ್ನು ಕತ್ತರಿಸಿಕೊಂಡೇ ಸಾಗುತ್ತದೆ. ಕೊಡುಂಗಲ್ಲೂರಿನ ಹತ್ತಿರದ ಕೃಷ್ಣನ್‌ಕೋಟೆಯಿಂದ ಆನೆಮಲೆಯ ಬೆಟ್ಟಗಳವರೆಗೆ ಸುಮಾರು 48 ಕಿಲೋಮೀಟರ್ ಉದ್ದದ ಗಡಿಗೋಡೆ ಅದು. ಕಟ್ಟಿಸಿದ್ದು ಧರ್ಮರಾಜ ಎಂದು ಹೆಸರಾದ ಕಾರ್ತಿಕ ತಿರುನಾಳ್ ರಾಮವರ್ಮ ಮಹಾರಾಜ. ಕೆಲಸದ ಮೇಲ್ವಿಚಾರಣೆ 1741ರ ಕೊಳಚ್ಚಲ್ ಕಾಳಗದಲ್ಲಿ ಸೆರೆಸಿಕ್ಕು, ಆಮೇಲೆ ತಿರುವಿದಾಂಕೂರಿನ ಸೇನಾಪತಿಯೇ ಆದ ಡಚ್ಚರ ಕಪ್ತಾನ ಡಿ ಲನೋಯ್‌ನದು. ಗೋಡೆಯ ಮುಂದೆ 16 ಅಡಿ ಅಗಲ, 20 ಅಡಿ ಆಳದ ಕಂದಕ. ಅದರೊಳಗೆ ಒತ್ತಾದ ಬಿದಿರು. ದಿಣ್ಣೆ ಸಿಕ್ಕಿದಲ್ಲೆಲ್ಲ ಕೊತ್ತಲ.

ಆ ರಾತ್ರಿ ನಡೆದದ್ದನ್ನು ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ವಿವರವಾಗಿ ಬರೆದಿದ್ದಾನೆ. ಟಿಪ್ಪುವಿನ ಪಡೆ ಬೆಟ್ಟದ ಬದಿಯ ದಾರಿ ಹಿಡಿದು ಯಾರ ಕಣ್ಣಿಗೂ ಬೀಳದೆ ಗೋಡೆ ಹತ್ತಿತು. ಬೆಳಗಾದ ಮೇಲೆ ಗೋಡೆಯ ಮೇಲಿನ ದಾರಿ ಸಾಕಷ್ಟು ದೂರದವರೆಗೆ ಅದರ ಕೈಗೆ ಬಂದಿತ್ತು. ಬಾಗಿಲು ತೆರೆದು ಉಳಿದ ಸೈನ್ಯವನ್ನು ಒಳಗೆ ಬಿಟ್ಟುಕೊಳ್ಳುವುದೊಂದೇ ಬಾಕಿ. ಅಷ್ಟರಲ್ಲಿ ಮರೆಯಲ್ಲಿದ್ದ ಇಪ್ಪತ್ತು ಮಂದಿ ಹಾರಿಸಿದ ಗುಂಡಿಗೆ ಮುಂದಾಳು ಸತ್ತ. ಮುಂದಿದ್ದವರು ಹಿಂದಕ್ಕೆ ನುಗ್ಗಿದರು, ಹಿಂದಿದ್ದವರು ಮುಂದಕ್ಕೆ ಒತ್ತಿದರು, ಜನ ಕಂದಕಕ್ಕೆ ಉರುಳಿದರು. ಟಿಪ್ಪುವಿನ ಪಲ್ಲಕ್ಕಿ, ಮುದ್ರೆಗಳು ಶತ್ರುವಿನ ಪಾಲಾದವು. ಅವನನ್ನು ಕಂದಕದಿಂದ ಮೇಲೆತ್ತಿ ಉಳಿಸಬೇಕಾಯಿತು ಎನ್ನುತ್ತಾನೆ ವಿಲ್ಕ್ಸ್. ಮದರಾಸಿನ ಇಂಗ್ಲಿಷರಿಗೆ ಬರೆದ ಪತ್ರದಲ್ಲಿ ಟಿಪ್ಪು ಹೇಳಿದ್ದೇ ಬೇರೆ: ಮೊದಲು ಗುಂಡು ಹಾರಿಸಿದವರು ತಿರುವಿದಾಂಕೂರಿನವರು ಎಂದು.

ಅಂಪೈರ್ ಕಮಾಂಡರ್ ಅವರೇ. ಕೋಟೆ ಕಾಯಲು ಎದುರಾಳಿ ಬೇಕಿತ್ತು. ಕಮಾಂಡರ್ ಕರೆತಂದದ್ದು ತಿರುವನಂತಪುರದ ನಿವೃತ್ತ ಚರಿತ್ರೆ ಅಧ್ಯಾಪಕರನ್ನು. ಮಗಳ ಮನೆಗೆಂದು ಎರ್ನಾಕುಳಂಗೆ ಬಂದಿದ್ದರು. ಕಾಸರಗೋಡಿನ ರೂಢಿಯಂತೆ ನಾನು ಅವರನ್ನು ಮಾಷ್ ಎಂದೇ ಕರೆದೆ. ಮೊದಲ ಭೇಟಿಯಲ್ಲೇ ಅವರು ಕೇಳಿದರು: “ತಮ್ಮಾ, ನೀನೂ ಕೇರಳದವನೇ ಅಲ್ಲವೇ? ಮೈಸೂರಿನ ಪಕ್ಷ ಯಾಕೆ?”

ನನ್ನ ಊರು ಬೇಕಲದ ಹತ್ತಿರ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಆ ಕೋಟೆ ಹೈದರನ ಕೈಗೆ ಬಂದು, ಟಿಪ್ಪುವಿನ ಕಾಲಕ್ಕೆ ಮಲಬಾರಿನ ಕಡೆ ಹೊರಡುವ ಪಡೆಗೆ ದೊಡ್ಡ ನೆಲೆಯಾಗಿತ್ತು. ನಮ್ಮ ಮನೆಯ ಮಾತು ಕನ್ನಡ, ಅಂಗಡಿಯ ಮಾತು ಮಲಯಾಳ. 1956ರಿಂದ ನಮ್ಮ ಸೀಮೆ ಕೇರಳದ್ದು. ಆ ಪಡೆಯಲ್ಲಿ ಕನ್ನಡ ಮಾತಾಡುವವರು ಎಷ್ಟೋ ಜನ ಇದ್ದಿರಬೇಕು, ಅವರ ಕಡೆ ನಿಂತು ಒಮ್ಮೆ ಆ ಗೋಡೆ ನೋಡಬೇಕು ಎಂದೆ. ಮಾಷ್ ತಲೆಯಾಡಿಸಿದರು. “ಸರಿ. ಆದರೆ ನನ್ನ ಗೋಡೆ ಸರಿಯಾಗಿರಬೇಕು.”

ಗೋಡೆ ಸರಿಯಾಗಲು ಹಿಡಿದ ಹೊತ್ತು ಹೇಳುವುದಲ್ಲ. ಥರ್ಮಾಕೋಲ್ ಕೊರೆದು, ಅಂಟು ಬಳಿದು, ಮೇಲೆ ಊರಿಂದ ತಂದ ಮುರಕಲ್ಲಿನ ಪುಡಿ ಉದುರಿಸಿ ಗೋಡೆ ಮಾಡಿದೆ. ಕಂದಕದ ತಳಕ್ಕೆ ಹಿಡಿಸೂಡಿಯ ಕಡ್ಡಿಗಳನ್ನು ಗಿಡ್ಡಗೆ ಕತ್ತರಿಸಿ, ತುದಿಯನ್ನು ಓರೆಯಾಗಿ ಕೊಯ್ದು ನೆಟ್ಟೆ. ಮಾಷ್ ಬಂದು ತೋರುಬೆರಳನ್ನು ಕಂದಕದ ಉದ್ದಕ್ಕೂ ಎಳೆದರು. ಎರಡು ಕಡೆ ಬೆರಳು ಸಲೀಸಾಗಿ ತಳ ಮುಟ್ಟಿತು. ಅಲ್ಲಿ ಇನ್ನಷ್ಟು ಕಡ್ಡಿ ನೆಡಿಸಿದರು. ಮೂರನೆಯ ಸಲ ಎಳೆದಾಗ ಬೆರಳ ತುದಿಯಲ್ಲಿ ಸಣ್ಣಗೆ ರಕ್ತ ಕಂಡಿತು. ಆಮೇಲೆಯೇ ಒಪ್ಪಿದ್ದು. ಒಂದು ಇಂಚಿಗೆ 50 ಗಜ ನಮ್ಮ ಅಳತೆ. ಆ ಲೆಕ್ಕದಲ್ಲಿ 16 ಅಡಿಯ ಕಂದಕ ಒಂದು ಗೆರೆಯಷ್ಟೇ ಆಗಬೇಕು. ಕಣ್ಣಿಗೆ ಕಾಣಲಿ ಎಂದು ನಾನು ಒಂದು ಇಂಚು ಮಾಡಿದ್ದೆ. ಅದಕ್ಕೂ ಅವರ ಆಕ್ಷೇಪವಿತ್ತು. ಹೆಚ್ಚಾದ ಅಗಲವನ್ನು ದೂರದ ಲೆಕ್ಕಕ್ಕೆ ಸೇರಿಸುವುದಿಲ್ಲ ಎಂದು ಕಮಾಂಡರ್ ಬರೆದು ಕೊಟ್ಟ ಮೇಲೆ ಸುಮ್ಮನಾದರು.

ನನ್ನ ಒಂದು ಕಾಯಿಗೆ ಇನ್ನೂರು ಜನ. ಎಪ್ಪತ್ತು ಕಾಯಿ. ಜೊತೆಗೆ ಐನೂರು ಜನರ ಗುದ್ದಲಿ ಪಡೆ. ಮಾಷ್‌ಗೆ ಕೆಲವೇ ಕಾಯಿಗಳು. ಆದರೆ ಆ ಇಪ್ಪತ್ತು ಮಂದಿಗೆ ಬೇರೆಯೇ ಗುರುತು ಬೇಕು ಎಂದು ಹಟ ಹಿಡಿದರು. ಕಿಸೆಯಿಂದ ಒಂದು ಮಂಜೊಟ್ಟಿ ಕಾಳು ತೆಗೆದು ಮೇಜಿನ ಮೇಲಿಟ್ಟರು. ನಾವು ಚೆನ್ನೆಮಣೆಗೆ ಹಾಕುವ ಅದೇ ಕೆಂಪು ಕಾಳು. “ಚರಿತ್ರೆ ಓದಿ ಬಂದಿದ್ದೀ. ಇವರು ಎಲ್ಲಿದ್ದರೆಂದು ಟಿಪ್ಪುವಿಗೆ ಗೊತ್ತಿರಲಿಲ್ಲ. ನಿನಗೂ ಗೊತ್ತಿರಬಾರದು. ಹಾಗಾಗಿ ಇವರನ್ನು ನನಗೆ ಬೇಕಾದಲ್ಲಿ ಇಡುತ್ತೇನೆ.” ಜಾಗವನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಕಮಾಂಡರ್ ಕೈಗೆ ಕೊಟ್ಟರು.

ನನ್ನದೂ ಯೋಜನೆಯಿತ್ತು. ಗೋಡೆಯ ಮೇಲೆ ನಾಲ್ಕು ಜನ ಒಟ್ಟಿಗೆ ನಡೆಯಬಹುದು ಎಂದು ನಾವು ಇಟ್ಟುಕೊಂಡಿದ್ದೆವು. ಸಾಲಿನಿಂದ ಸಾಲಿಗೆ ಒಂದೂವರೆ ಗಜ. ಹದಿನಾಲ್ಕು ಸಾವಿರ ಜನರನ್ನು ಹೀಗೆ ನಡೆಸಿದರೆ ಮೆರವಣಿಗೆಯ ಉದ್ದ 5,250 ಗಜ. ನಮ್ಮ ಹಲಗೆಯೇ 4,800 ಗಜ. ಅಂದರೆ ತಲೆ ಬಾಗಿಲು ಮುಟ್ಟಿದರೂ ಬಾಲ ಇನ್ನೂ ಕಾಡಿನಲ್ಲಿ. ಆ ರಾತ್ರಿ ನಿಜವಾಗಿ ಏನಾಯಿತು ಎಂಬುದರ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಾಗಾಗಿ ಇಪ್ಪತ್ತು ಕಾಯಿಗಳನ್ನು ಮಾತ್ರ ಗೋಡೆ ಹತ್ತಿಸುವುದು, ಉಳಿದವು ಕಾಡಿನಲ್ಲೇ ಕಾಯುವುದು, ಗುದ್ದಲಿ ಪಡೆ ಕಂದಕ ತುಂಬಿ ಅಗಲವಾದ ದಾರಿ ಮಾಡಿಕೊಡುವುದು ಎಂದು ಬರೆದೆ.

ಕಂದಕ ತುಂಬುವ ಮಾತು ಬಂದಾಗ ಮತ್ತೆ ಬಾಗಿಲು ತೆರೆಯಿತು. ಬೆನ್ನು ನಮ್ಮ ಕಡೆ, ಮಾತು ಗೋಡೆಯ ಕಡೆ. “ಹದಿನಾರು ಅಡಿ ಅಗಲ, ಇಪ್ಪತ್ತು ಅಡಿ ಆಳ. ಮೂವತ್ತು ಅಡಿಯ ದಾರಿಗೆ 9,600 ಘನ ಅಡಿ ಮಣ್ಣು. ಬುಟ್ಟಿಗೆ ಒಂದು ಘನ ಅಡಿ ಹಿಡಿದರೂ ಐನೂರು ಜನ ತಲಾ ಹತ್ತೊಂಬತ್ತು ಬುಟ್ಟಿ ಹೊರಬೇಕು. ಮುರಕಲ್ಲಿನ ನೆಲ, ಕತ್ತಲು. ಅಗೆದು, ತುಂಬಿ, ತಂದು ಸುರಿಯಲು ಬುಟ್ಟಿಗೆ ಹತ್ತು ನಿಮಿಷ. ಮೂರು ಗಂಟೆ ಮೀರಿತು.” ನಾನು ಕೇಳಿದೆ: ಹೊರಗಿನ ಮಣ್ಣು ಯಾಕೆ ಹೊರಬೇಕು ಮಾಷೇ? ಗೋಡೆ ಈಗ ನನ್ನ ಕೈಯಲ್ಲಿದೆ. ಅದನ್ನೇ ಕೆಡವಿ ಕೆಳಗೆ ತಳ್ಳಿದರೆ ಮಣ್ಣು ತಾನಾಗಿ ಬೀಳುತ್ತದೆ. ಮಾಷ್ ತುಸು ಹೊತ್ತು ಸುಮ್ಮನಿದ್ದು, “ಅದು ಸರಿ” ಎಂದರು. ಕಮಾಂಡರ್ ಎರಡು ಗಂಟೆ ಎಂದು ತೀರ್ಮಾನಿಸಿದರು. ಸರದಿಗೆ ಹತ್ತು ನಿಮಿಷದಂತೆ ಹನ್ನೆರಡು ಸರದಿ.

ಅವರು ಕಠಿಣ ಎದುರಾಳಿ ಎನ್ನುವುದು ಈ ಅರ್ಥದಲ್ಲಿ. ಗೆಲ್ಲಲಿಕ್ಕೆಂದು ತಕರಾರು ತೆಗೆಯುವವರನ್ನು ಕೇರಂ ಬೋರ್ಡಿನಲ್ಲೂ ಇಸ್ಪೀಟಿನಲ್ಲೂ ಬೇಕಾದಷ್ಟು ನೋಡಿದ್ದೇನೆ. ಮಾಷ್ ತಮಗೆ ನಷ್ಟವಾಗುವ ಕಡೆಯೂ ಅಷ್ಟೇ ಬಿಗಿ. ತಮ್ಮದೇ ಒಂದು ಕಾಯಿ ಕೊತ್ತಲದ ತಿರುವಿನಲ್ಲಿ ಹೆಚ್ಚು ದೂರ ಸರಿದಿದೆ ಎಂದು ಅನುಮಾನ ಬಂದಾಗ, ಕಮಾಂಡರ್ ಕೈಯಲ್ಲಿ ನೂಲು ಹಿಡಿಸಿ ತಿರುವಿನ ಉದ್ದಕ್ಕೂ ಅಳೆಸಿದರು. ಪಡೆ ಕಾಗೆಯಂತೆ ಹಾರುವುದಿಲ್ಲ, ನಡೆಯುತ್ತದೆ ಎಂದು ಅದನ್ನು ಎರಡು ಇಂಚು ಹಿಂದಿಡಿಸಿದರು. ಅಪ್ಪಣೆಯ ಚೀಟಿಗಳ ವಿಷಯದಲ್ಲೂ ಹಾಗೆಯೇ. ಗೋಡೆಯ ತುಂಬ ಜನ ನಿಂತಿರುವಾಗ ಓಲೆಕಾರ ಎದುರು ದಿಕ್ಕಿಗೆ ಓಡಲಾರ, ಆದ್ದರಿಂದ ಅಪ್ಪಣೆ ಮುಂಚೂಣಿಗೆ ತಲುಪಲು ಎರಡು ಸರದಿ ಬೇಕು ಎಂಬ ನಿಯಮ ಅವರದೇ. ಬಾಯಿಂದ ಬಾಯಿಗೆ ದಾಟುವ ಅಪ್ಪಣೆಗೆ ಒಂದು ದಾಳ ಹಾಕಬೇಕು, ಒಂದು ಬಿದ್ದರೆ ಮಾತು ಕೆಡುತ್ತದೆ ಎಂಬುದು ಕಮಾಂಡರ್ ಸೇರಿಸಿದ ನಿಯಮ. ಎರಡಕ್ಕೂ ನಾನು ಸಹಿ ಹಾಕಿದ್ದೆ.

ನಾಲ್ಕು ಗಂಟೆಗೆ ನನ್ನ ಜನ ಗೋಡೆಯ ಮೇಲಿದ್ದರು. ಸರದಿಗೊಂದರಂತೆ ಚೀಟಿ ಬಂತು. ಒಂದು ಕಾವಲು ಓಡಿತು. ಇನ್ನೊಂದು ಓಡಿತು. ಬಾಗಿಲಿಗೆ 600 ಗಜ ಬಾಕಿ. ಕಿಟಕಿಯ ಹೊರಗೆ ಯಾರೋ ಪಟಾಕಿ ಹಚ್ಚಿದರು. ಕಮಾಂಡರ್ ಅವರ ಮನೆಯವರು ಚಹಾವನ್ನೂ ನೇಂದ್ರಬಾಳೆಯ ಪೋಡಿಯನ್ನೂ ತಂದಿಟ್ಟು ಹೋದರು. ನಾನು ಮುಟ್ಟಲಿಲ್ಲ. ಆಮೇಲೆ ಬಂದ ಚೀಟಿ ಹೀಗಿತ್ತು: ‘ಹಿಂದುಗಡೆ, ಕಂದಕದ ಬಳಿ ಗುಂಡಿನ ಸದ್ದು. ಎಷ್ಟು ಜನ ತಿಳಿಯದು. ಗುದ್ದಲಿ ಪಡೆಯಿಂದ ಸುದ್ದಿಯಿಲ್ಲ.’

ಆ ಚೀಟಿ ಹಿಡಿದು ಕೂತ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಮಂಜೊಟ್ಟಿ ಕಾಳು ಇರಬಹುದು. ತಿರುವಿದಾಂಕೂರಿನ ಮುಖ್ಯ ಪಡೆಯೇ ಕಾಡು ಬಳಸಿ ಬಂದಿರಬಹುದು. ಎರಡನೆಯದಾದರೆ ಗೋಡೆಯ ಮೇಲಿನ ನಾಲ್ಕು ಸಾವಿರ ಜನ ಎರಡು ಬೆಂಕಿಯ ನಡುವೆ. ಮೊದಲನೆಯದಾದರೆ ನಿಲ್ಲಬೇಕಾದ್ದೇ ಇಲ್ಲ. ನನ್ನ ಮುಂದಿದ್ದದ್ದು ಖಾಲಿ ನಕ್ಷೆ, ಒಂದು ಸೀಸದಕಡ್ಡಿ. ಬರೆದೆ: ‘ಮುಂದಿನ ಆರು ಕಾಯಿ ಬಾಗಿಲಿನತ್ತ ಸಾಗಲಿ. ಉಳಿದವು ಇದ್ದಲ್ಲೇ ನಿಂತು ಹಿಂದಕ್ಕೆ ಮುಖ ಮಾಡಲಿ.’

ಗುದ್ದಲಿ ಪಡೆಗೆ ಧೈರ್ಯದ ದಾಳ ಹಾಕಿದರು. ಸೋತಿತು. ಐನೂರು ಜನ ಗುದ್ದಲಿ ಬಿಸಾಡಿ, ಕಾಡಿನಲ್ಲಿ ಕಾಯುತ್ತಿದ್ದ ನನ್ನದೇ ಪಡೆಯ ಮೇಲೆ ನುಗ್ಗಿದರು. ಗೋಡೆಯ ಮೇಲೆ ಹಿಂದಿದ್ದ ಕಾಯಿಗಳು ಸದ್ದಿಗೆ ಬೆದರಿ ಮುಂದಕ್ಕೆ ಒತ್ತಿದವು. ನನ್ನ ಅಪ್ಪಣೆ ಮುಂಚೂಣಿ ತಲುಪುವಾಗ ದಾಳದಲ್ಲಿ ಒಂದು ಬಿತ್ತು. ಆರು ಕಾಯಿಗಳಿಗೆ ಮುಟ್ಟಿದ ಮಾತು ‘ನಿಲ್ಲಿ’ ಎಂಬುದೊಂದೇ. ಅವು ನಿಂತವು. ನಡುವಿನವು ಎಲ್ಲಿಗೆ ಹೋಗಬೇಕು? ಒಂದು ಕಾಯಿಯ ಜಾಗದಲ್ಲಿ ಎರಡು ಸೇರಿದರೆ ಒಂದು ಕಂದಕಕ್ಕೆ. ನನ್ನ ಕೋಣೆಗೆ ಕೇಳಿಸಿದ್ದು ಇಷ್ಟು: ನಡುಕೋಣೆಯಲ್ಲಿ ಮರದ ಕಾಯಿಗಳು ಕಡ್ಡಿಗಳ ನಡುವೆ ಬೀಳುವ ಸದ್ದು. ಏಳು ಸಲ. ಬೆಳಕು ಹರಿಯುವಾಗ ಮುಂದಿನ ಆರನ್ನು ಮಾಷ್ ಅವರ ಮೀಸಲು ಪಡೆ ಸುತ್ತುವರಿದಿತ್ತು. ಕಮಾಂಡರ್ ಆಟ ಮುಗಿಸಿ ಲಕೋಟೆ ಒಡೆದರು. ಹಿಂದಿದ್ದದ್ದು ಕಾಳೇ.

ಮಾಷ್ ಹೊರಗೆ ಬಂದರು. ಈ ಸಲ ಮುಖ ನಮ್ಮ ಕಡೆ. ಗೆದ್ದವರ ಮುಖವಲ್ಲ ಅದು. ಮೊದಲು ನನ್ನ ಅಪ್ಪಣೆಯ ಚೀಟಿ ಕೇಳಿ ಪಡೆದು, ಕನ್ನಡಕ ಏರಿಸಿ ಓದಿದರು. “ತಮ್ಮಾ, ನಿನಗೆ ಬಂದ ಸುದ್ದಿಗೆ ಇದೇ ಸರಿಯಾದ ಅಪ್ಪಣೆ” ಎಂದರು. ಆಮೇಲೆ ಕಂದಕದ ಮೇಲೆ ಬಾಗಿ, ಕಡ್ಡಿಗಳ ನಡುವೆ ಸಿಕ್ಕಿಕೊಂಡ ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಹಲಗೆಯ ಅಂಚಿನಲ್ಲಿ ನಿಲ್ಲಿಸುತ್ತ ಹೋದರು. “ಸಾವಿರದ ನಾನೂರು ಜನ. ಶಾಲೆಯಲ್ಲಿ ಈ ಪಾಠ ಎಷ್ಟು ವರ್ಷ ಮಾಡಿದೆ! ಮೈಸೂರಿನ ಪಡೆ ಕಂದಕಕ್ಕೆ ಬಿತ್ತು ಎಂದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಮುಂದಿನ ಪುಟ ತಿರುಗಿಸುತ್ತಿದ್ದೆ.”

ಟಿಪ್ಪುವಿನ ಹೆಸರು ನಮ್ಮ ಮನೆಯಲ್ಲಿ ಒಂದು ದನಿಯಲ್ಲಿ ಬರುತ್ತದೆ, ಮಾಷ್ ಅವರ ಮನೆಯಲ್ಲಿ ಇನ್ನೊಂದು ದನಿಯಲ್ಲಿ. ಮಂಗಳೂರಿನಲ್ಲಿ, ಕೊಡಗಿನಲ್ಲಿ, ಶ್ರೀರಂಗಪಟ್ಟಣದಲ್ಲಿ ಮತ್ತೆ ಬೇರೆ ಬೇರೆ. ಅದನ್ನು ತೀರ್ಮಾನಿಸಲು ನಾವು ಮೇಜು ಹಾಕಿರಲಿಲ್ಲ. ಮೇಜು ಕೇಳಿದ ಪ್ರಶ್ನೆ ಬೇರೆ: ಬೆಳಗಿನ ಜಾವ ನಾಲ್ಕು ಗಂಟೆಗೆ ಆ ಗೋಡೆಯ ಮೇಲೆ ನಿಂತವನಿಗೆ ಏನು ತಿಳಿದಿತ್ತು? ಫಲ ಗೊತ್ತಿರುವ ನಾವು ಸೋತವನನ್ನು ದಡ್ಡನೆಂದೂ ಗೆದ್ದವನನ್ನು ಜಾಣನೆಂದೂ ಎರಡು ಶತಮಾನದ ಆಚೆ ಕೂತು ಹೇಳಿಬಿಡುತ್ತೇವೆ. ಮಾಷ್ ಅವರ ಆ ಹಟ, ಆ ನೂಲು, ಆ ಲಕೋಟೆ ಇಲ್ಲದಿದ್ದರೆ ಆ ರಾತ್ರಿ ನಾನೂ ಹಾಗೆಯೇ ಆಡಿ ಎದ್ದು ಹೋಗುತ್ತಿದ್ದೆ. ಬಿಗಿಯಾದ ಎದುರಾಳಿ ನಮಗೆ ಮಾಡುವ ಉಪಕಾರ ಇದಕ್ಕಿಂತ ದೊಡ್ಡದಿಲ್ಲ ಎಂದೇ ನನ್ನ ನಂಬಿಕೆ.

ಎರಡನೆಯ ಆಟ ತಿರುವನಂತಪುರದಲ್ಲಿ, ಮಳೆ ಹಿಡಿದ ಮೇಲೆ. ಕಾಯಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ರೈಲಿನಲ್ಲಿ ಹೋದೆವು. ಮಾಷ್ ಅವರ ಮನೆ ಕಿಳಕ್ಕೇಕೋಟೆಯ ಹತ್ತಿರ. ದಾರಿಯಲ್ಲಿ ಚಾಲೈ ಪೇಟೆ. ಅದನ್ನು ಕಟ್ಟಿಸಿದ ರಾಜಾ ಕೇಶವದಾಸನೇ ನೆಡುಂಕೋಟೆಯ ಕಾಳಗದ ಕಾಲದ ದಿವಾನ. ಹಳೆಯ ಬಾಗಿಲಿನ ಹಲಗೆಯನ್ನು ಎರಡು ಡೆಸ್ಕುಗಳ ಮೇಲೆ ಮಲಗಿಸಿ ಮಾಷ್ ತಾವೇ ಗೋಡೆ ಕಟ್ಟಿಟ್ಟಿದ್ದರು, ನನ್ನದಕ್ಕಿಂತ ಅಚ್ಚುಕಟ್ಟಾಗಿ. ಚಹಾ ಕುಡಿಯುತ್ತ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಮಾತು ತೆಗೆದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮಗುವಾಗಿ ಪಟ್ಟವೇರಿದ ಆ ಅರಸ ಮುಂದೆ ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ನಿಲ್ಲಿಸಿ ನಡೆಸುವ ಬಂಧಗಳನ್ನು ಎಷ್ಟೋ ಬಗೆಯಲ್ಲಿ ರಚಿಸಿದವರು. “ಅಂಥ ರಾಜನ ಊರಿನ ಪಕ್ಷ ಇವತ್ತು ನನಗೆ” ಎಂದರು ಮಾಷ್. ಪಕ್ಷ ಬದಲಾಗಿತ್ತು. ಕೋಟೆ ನನ್ನದು.

ಕೋಟೆ ಕಾಯುವವನ ಕಷ್ಟ ಏನೆಂದು ಆಗ ತಿಳಿಯಿತು. ಗೋಡೆ ಉದ್ದ, ಜನ ಕಡಮೆ. ಪಶ್ಚಿಮಕ್ಕೆ ಇಂಗ್ಲಿಷ್ ಕಂಪನಿಯ ಎರಡು ಬೆಟಾಲಿಯನ್ ಸಿಪಾಯಿಗಳು ನನ್ನ ನಕ್ಷೆಯಲ್ಲೇ ಇದ್ದಾರೆ. ಮದರಾಸಿನ ಅಪ್ಪಣೆ ಇಲ್ಲದೆ ಅವರು ಕದಲುವಂತಿಲ್ಲ. ಆ ರಾತ್ರಿಯ ನಿಜವಾದ ಕಾಳಗದಲ್ಲೂ ಅವರು ಇಳಿಯಲಿಲ್ಲ. ಆ ಎರಡು ಕಾಯಿಗಳನ್ನು ನೋಡಿದಷ್ಟೂ ಹೊಟ್ಟೆ ಉರಿಯಿತು. ಸರದಿಯ ಮೇಲೆ ಸರದಿ ‘ಏನೂ ಕಾಣುತ್ತಿಲ್ಲ’ ಎಂಬ ಚೀಟಿ. ಬೆಳದಿಂಗಳು ಇರುವಷ್ಟು ಹೊತ್ತು ಮಾಷ್ ಒಂದು ಕಾಯಿಯನ್ನೂ ಕದಲಿಸಿರಲಿಲ್ಲ. ಚಂದ್ರ ಮುಳುಗಿದ ಮೇಲೆ ಮೂರು ಕಡೆ ಒಟ್ಟಿಗೆ ಬಂದರು. ಗೋಡೆಯ ಮೇಲೆ ಒಮ್ಮೆಗೆ ಐದು ಕಾಯಿಗಿಂತ ಹೆಚ್ಚು ಹತ್ತಿಸಲಿಲ್ಲ, ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಕಡೆ ಕಂದಕ ತುಂಬಿ, ಒಂದು ಕೊತ್ತಲ ಕೆಡವಿ, ಬೆಳಕು ಹರಿಯುವ ಮೊದಲೇ ಎಲ್ಲರನ್ನೂ ವಾಪಸು ಕರೆಸಿಕೊಂಡರು. ನನ್ನ ಮಂಜೊಟ್ಟಿ ಕಾಳು ಬಾಗಿಲ ಬಳಿ ಒಂದೂ ಗುಂಡು ಹಾರಿಸದೆ ಕೂತಿತ್ತು.

ಬಾಗಿಲು ಉಳಿದರೆ ಕೋಟೆಯ ಗೆಲುವು ಎಂದು ಬರೆದಿದ್ದೆವು. ಹಾಗಾದರೆ ಗೆಲುವು ನನ್ನದು ಎಂದೆ. “ನನ್ನ ಫಿರಂಗಿಗಳಿಗೆ ದಾರಿಯಾಯಿತು. ಉಳಿದದ್ದು ಏಪ್ರಿಲ್‌ನಲ್ಲಿ” ಎಂದರು ಮಾಷ್. ಚರಿತ್ರೆ ಅವರ ಕಡೆಗೇ ಇದೆ. ದೊಡ್ಡ ಫಿರಂಗಿಗಳನ್ನು ತರಿಸಿ ಟಿಪ್ಪು 1790ರ ಏಪ್ರಿಲ್‌ನಲ್ಲಿ ಗೋಡೆ ಒಡೆದ, ಕಂದಕ ಮುಚ್ಚಿಸಿದ, ಕೊಡುಂಗಲ್ಲೂರಿನ ಕೋಟೆ ಹಿಡಿದು ಆಲುವದವರೆಗೆ ಬಂದ. ಅಲ್ಲಿ ಪೆರಿಯಾರ್ ಹೊಳೆ, ಮೇಲಿಂದ ಮಳೆ. ಅತ್ತ ಇಂಗ್ಲಿಷರು ಯುದ್ಧಕ್ಕೆ ಹೊರಟ ಸುದ್ದಿ. ಮೇ ಕೊನೆಯ ಹೊತ್ತಿಗೆ ಹಿಂದಿರುಗಿದ. ಮೇಲಿನ ಕಟ್ಟೆ ಒಡೆದು ಹೊಳೆಯನ್ನು ಅವನ ಮೇಲೆ ಬಿಟ್ಟರು ಎಂಬ ಕಥೆಯನ್ನು ಆ ಕಡೆಯವರು ಇಂದಿಗೂ ಹೇಳುತ್ತಾರೆ. ಕಮಾಂಡರ್ ಎರಡೂ ಕಡೆಯ ವಾದ ಕೇಳಿ, ಫಲಿತಾಂಶದ ಜಾಗ ಖಾಲಿ ಬಿಟ್ಟು ನೋಟುಪುಸ್ತಕ ಮುಚ್ಚಿದರು.

ಆ ಆಟ ಈಗಲೂ ನಡೆಯುತ್ತಿದೆ. ನಾನು ಊರಿಗೆ ಮರಳಿದೆ, ಕಮಾಂಡರ್ ಕೊಚ್ಚಿಯಲ್ಲೇ ಇದ್ದಾರೆ, ಅಪ್ಪಣೆಗಳು ಅಂಚೆಯಲ್ಲಿ ಹೋಗಿ ಬರುತ್ತವೆ. ಮಾಷ್ ಅವರ ಮೈಸೂರು ಪಡೆ ಆಲುವದ ಉತ್ತರದ ದಡದಲ್ಲಿದೆ. ಕಟ್ಟೆ ಒಡೆಯುವುದನ್ನು ನಿಯಮವಾಗಿ ಸೇರಿಸಬೇಕೆಂದು ನಾನು ಕೇಳಿದೆ. ಐತಿಹ್ಯಕ್ಕೆ ದಾಳ ಹಾಕಲಾಗದು, ಮಳೆಗೆ ಮಾತ್ರ ಹಾಕಬಹುದು ಎಂದು ಮಾಷ್ ಅವರ ಉತ್ತರ ಬಂದಿದೆ. ಹೊಳೆ ಎಷ್ಟು ಅಡಿ ಏರಿದರೆ ಫಿರಂಗಿಯ ಗಾಡಿ ದಾಟಲಾರದು ಎಂಬ ಲೆಕ್ಕವನ್ನು ನಾನು ಈ ವಾರ ಕಳಿಸಬೇಕು. ಕಮಾಂಡರ್ ಅವರಿಗೂ ಒಂದು ಪ್ರತಿ.